ಅನುದಿನದ ಆಹಾರ: ಮಗಳಿಗೊಂದು ಪತ್ರ

ಚಿಕ್ಕಮಗಳೂರು

ಪ್ರೀತಿಯ ಮಗಳೇ,

ಕಳೆದ ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಹಿಡಿಸಲಿಲ್ಲ. ಬೆಂಗಳೂರಿನ ನಿನ್ನ ಮನೆಯ ಫ್ರಿಜ್ಜಿನಲ್ಲಿ ವಾರಕ್ಕಾಗುವಷ್ಟು ಸಾಮಾನು ಇರುವಾಗ, ಒಂದನೇ ತಾರೀಖಿಗೆ ಸಂಬಳ ಖಾತೆಗೆ ಬಂದು ಬೀಳುವಾಗ, “ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು” ಎಂದು ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ಬೇಡುವುದು ನಟನೆಯಂತೆ ತೋರುತ್ತದೆ ಎಂದು ನೀನು ಹೇಳಿದೆ. ಹಿರಿಯರು ಕಲಿಸಿದ್ದನ್ನು ಹೇಳಬೇಕಮ್ಮ ಎಂದು ನಾನು ಮಾತು ಮುಗಿಸಿಬಿಟ್ಟೆ. ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದವನು ಈ ಸಾಲಿನ ಬಗ್ಗೆ ಅಷ್ಟು ಸುಲಭವಾಗಿ ಜಾರಿಕೊಳ್ಳಬಾರದಿತ್ತು.

ಮೊದಲು ‘ಅನುದಿನ’ ಎಂಬ ಮಾತನ್ನೇ ತೆಗೆದುಕೊ. ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವುದು ‘ಎಪಿಯೂಸಿಯೋಸ್’ ಎಂಬ ಪದ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಕಡೆ, ಮತ್ತಾಯ 6ರಲ್ಲಿ ಮತ್ತು ಲೂಕ 11ರಲ್ಲಿ, ಎರಡೂ ಸಲ ಇದೇ ಪ್ರಾರ್ಥನೆಯೊಳಗೆ. ಗ್ರೀಕ್ ಭಾಷೆಯಲ್ಲೇ ಬೆಳೆದ ಮೂರನೆಯ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನ್‌ಗೂ ಅದು ಅಪರಿಚಿತವಾಗಿತ್ತು. ಪಂಡಿತರೂ ಬಳಸದ, ಸಾಮಾನ್ಯರೂ ಆಡದ ಈ ಪದವನ್ನು ಸುವಾರ್ತೆ ಬರೆದವರೇ ಕಟ್ಟಿರಬೇಕೆಂದು ಅವನು ಊಹಿಸಿದ. ಮುಂದೆ ಲ್ಯಾಟಿನ್ ಪಾಠವನ್ನು ಸಿದ್ಧಪಡಿಸಿದ ಜೆರೋಮ್ ಲೂಕನಲ್ಲಿ ‘ದಿನನಿತ್ಯದ’ ಎಂಬ ಅರ್ಥ ಉಳಿಸಿ, ಮತ್ತಾಯನಲ್ಲಿ ಮಾತ್ರ ‘ಎಲ್ಲ ವಸ್ತುವಿಗೂ ಮೀರಿದ’ ಎಂಬ ಅರ್ಥದ ಪದವಿಟ್ಟ. ಇಬ್ರಿಯರ ಸುವಾರ್ತೆ ಎಂಬ ಬೇರೊಂದು ಗ್ರಂಥದಲ್ಲಿ ಇದೇ ಸ್ಥಳದಲ್ಲಿ ‘ನಾಳೆಯ’ ಎಂಬ ಪದವಿದೆಯೆಂದೂ ಬರೆದಿಟ್ಟ. ಇಂದಿನದು, ನಾಳೆಯದು, ಇಹಕ್ಕೆ ಮೀರಿದ್ದು: ಒಂದೇ ಪದಕ್ಕೆ ಮೂರು ದಾರಿ. (ನಿವೃತ್ತನಾದ ಮೇಲೆ ವ್ಯಾಖ್ಯಾನದ ಪುಸ್ತಕ ಹುಡುಕಿ ಓದುವ ಚಟ ಹತ್ತಿದೆ, ನಿನ್ನ ಅಮ್ಮನಿಗೆ ಇದರಿಂದ ಬೇಸರವೇ ಹೆಚ್ಚು.)

ನಮ್ಮ ಕನ್ನಡ ಭಾಷಾಂತರಕಾರರ ಆಯ್ಕೆಯೂ ಗಮನಿಸುವಂಥದ್ದು. ಗ್ರೀಕಿನಲ್ಲಿ ಇಲ್ಲಿಯೂ, ಯೋಹಾನ 6ರಲ್ಲಿಯೂ ರೊಟ್ಟಿ ಎಂಬ ಅರ್ಥದ ಒಂದೇ ಪದವಿದ್ದರೂ ಅಲ್ಲಿ “ಜೀವ ಕೊಡುವ ರೊಟ್ಟಿ ನಾನೇ” ಎಂದವರು ಇಲ್ಲಿ ‘ಆಹಾರ’ ಎಂದರು. ಅನ್ನ ಉಣ್ಣುವ ನಾಡಿಗೆ ಅದು ಸರಿಹೋಯಿತು ನಿಜ. ಆದರೆ ಹಸಿದ ಹೊಟ್ಟೆಯ ರೊಟ್ಟಿಗೂ ಯೇಸುವಿನ ನೆನಪಿಗೆ ನಡೆಸುವ ಕರ್ತನ ಭೋಜನದ ಮೇಜಿನ ಮೇಲೆ ಮುರಿಯುವ ರೊಟ್ಟಿಗೂ ಇದ್ದ ನಂಟು ನಮ್ಮ ಕಿವಿಗೆ ತಪ್ಪಿಹೋಯಿತೇನೋ ಎಂಬ ಸಣ್ಣ ಕೊರಗು ನನಗಿದೆ.

ಈ ಸಾಲನ್ನು ಯೇಸುವಿನಿಂದ ಮೊದಲು ಕೇಳಿಸಿಕೊಂಡ ಯೆಹೂದ್ಯರಿಗೆ ದೇವರು ಆಕಾಶದಿಂದ ಸುರಿಸಿದ ಆಹಾರವಾದ ಮನ್ನದ ಕಥೆ ನೆನಪಾಗದೆ ಇದ್ದಿರಲಾರದು. ವಿಮೋಚನಕಾಂಡ 16ರಲ್ಲಿ ಅರಣ್ಯದಲ್ಲಿದ್ದ ಇಸ್ರಾಯೇಲ್ಯರು ತಲೆಗೊಂದು ಓಮೆರ್ ಎಂಬ ಅಳತೆಯಂತೆ ಆ ದಿನದ್ದನ್ನು ಮಾತ್ರ ಕೂಡಿಸಿಕೊಳ್ಳಬೇಕಾಗಿತ್ತು. ಬೆಳಗಿನವರೆಗೆ ಉಳಿಸಿಕೊಂಡದ್ದು ಹುಳಬಿದ್ದು ನಾರಿತು. ವಿಶ್ರಾಂತಿ ದಿನವಾದ ಸಬ್ಬತ್ತಿಗಾಗಿ ಆರನೆಯ ದಿನ ಎರಡರಷ್ಟು ಕೂಡಿಸಿದ್ದು ಮಾತ್ರ ಕೆಡಲಿಲ್ಲ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಿನ್ನ ಫ್ರಿಜ್ಜು ಪಾಪವೆಂದು ನಾನು ಹೇಳುತ್ತಿಲ್ಲ. ಆದರೆ ಹೊಟ್ಟೆ ತುಂಬಿದವರ ಅಪಾಯವನ್ನು ಸತ್ಯವೇದ ಮರೆತಿಲ್ಲ: ಜ್ಞಾನೋಕ್ತಿ 30ರಲ್ಲಿ ಪ್ರಾರ್ಥಿಸುವವನು ಬಡತನವನ್ನೂ ಬೇಡ, ಐಶ್ವರ್ಯವನ್ನೂ ಬೇಡ ಎನ್ನುತ್ತಾನೆ, ತೃಪ್ತನಾದರೆ ಯೆಹೋವನು ಯಾರು ಎಂದು ಕೇಳಿಬಿಟ್ಟೇನು ಎಂಬ ಭಯ ಅವನಿಗೆ. ನಟನೆಯೆನಿಸಿತು ಎಂದು ನೀನು ಹೇಳಿದಾಗ ನನಗೆ ನೆನಪಾದವನು ಅವನೇ.

ಇನ್ನು ಆ ಸಾಲಿನ ‘ನಮಗೆ’ ಎಂಬ ಮಾತು. ಅದು ನನಗೆ ತಿಳಿದದ್ದು ಆರಾಧನೆಯಲ್ಲಲ್ಲ, ಬಟವಾಡೆಯ ಮೇಜಿನಲ್ಲಿ, ಅದೂ ನನ್ನ ತಪ್ಪಿನಿಂದ. ಹಣ್ಣು ಕೊಯ್ಲಿನ ಕಾಲದ ಒಂದು ಶನಿವಾರ ಒಬ್ಬ ಹೆಂಗಸಿನ ವಾರದ ತೂಕ ಮೇಸ್ತ್ರಿಯ ಚೀಟಿಗೂ ನನ್ನ ಪುಸ್ತಕಕ್ಕೂ ತಾಳೆಯಾಗಲಿಲ್ಲ. ಕಿಲೋ ಲೆಕ್ಕದ ಕೂಲಿಯಾದ್ದರಿಂದ, ಸೋಮವಾರ ನೋಡೋಣ ಎಂದು ಅವಳನ್ನು ಕಳಿಸಿಬಿಟ್ಟೆ. ಮರುದಿನ ಸಭೆಯಲ್ಲಿ ಎಲ್ಲರ ಜೊತೆ ದನಿಯೆತ್ತಿ “ನಮ್ಮ ಅನುದಿನದ ಆಹಾರ” ಎಂದು ಹೇಳಿ, ಆಳುಗಳ ಲೈನ್ ಮನೆಗಳ ಮುಂದಿನ ದಾರಿಯಲ್ಲಿ ವಾಪಸು ಬರುವಾಗ ಅವಳು ಪಕ್ಕದ ಮನೆಯ ಬಾಗಿಲಲ್ಲಿ ಸೆರಗಿಗೆ ಒಂದು ಪಾವು ಅಕ್ಕಿ ಹಾಕಿಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ನಾಚಿ ಒಳಗೆ ಹೋದಳು, ನಾಚಬೇಕಾದವನು ನಾನು. ಅಂದೇ ಪುಸ್ತಕ ತೆಗೆದು ಮತ್ತೆ ಕೂಡಿದಾಗ ತಪ್ಪಿದ್ದದ್ದು ನನ್ನ ಕೂಡುಲೆಕ್ಕದಲ್ಲೇ. ಹಣ ಕೊಟ್ಟು ಬಂದೆ. ರಾತ್ರಿ ಧರ್ಮೋಪದೇಶಕಾಂಡ 24 ತೆಗೆದೆ: ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು, ಏಕೆಂದರೆ ಅವನು ಬಡವನು, ಅದನ್ನೇ ನೆಚ್ಚಿಕೊಂಡಿರುವನು. ಯಾಕೋಬನ ಪತ್ರಿಕೆ 5ರಲ್ಲಂತೂ ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ. ಈ ವಾಕ್ಯಗಳನ್ನು ಚಿಕ್ಕಂದಿನಿಂದ ಬಲ್ಲವನು ನಾನು, ಆದರೆ ಅವುಗಳಲ್ಲಿ ನನ್ನ ಕೆಲಸದ ಹೆಸರು ಇರುವುದನ್ನು ಅಲ್ಲಿಯವರೆಗೆ ಓದಿರಲಿಲ್ಲ.

1529ರ ತನ್ನ ಕಿರು ಪ್ರಶ್ನೋತ್ತರಿಯಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರ್ ಈ ‘ಆಹಾರ’ದೊಳಗೆ ಬಟ್ಟೆ, ಪಾದರಕ್ಷೆ, ಮನೆ, ಒಳ್ಳೆಯ ಸರ್ಕಾರ, ಒಳ್ಳೆಯ ಹವೆ, ನಂಬಿಕಸ್ಥ ನೆರೆಯವರು ಎಲ್ಲರನ್ನೂ ಸೇರಿಸಿದ. ಕಾಫಿ ಹೂವರಳಿಸುವ ಹೂಮಳೆ ತಪ್ಪಿದ ವರ್ಷ ಫಸಲು ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿನ್ನ ಅಜ್ಜಿಗೆ ಲೂಥರ್ ಗೊತ್ತಿರಲಿಲ್ಲ. ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಕ್ಕೆ ಹಾಕುತ್ತ ಈ ಸಾಲನ್ನು ಗುನುಗುತ್ತಿದ್ದಳು, ಡಬ್ಬ ತುಂಬಿದಾಗ ಅದು ಇಲ್ಲದ ಮನೆಗೆ ಹೋಗುತ್ತಿತ್ತು. ಆ ಡಬ್ಬ ಈಗಲೂ ನಮ್ಮ ಅಡುಗೆಮನೆಯ ಅಟ್ಟದಲ್ಲಿದೆ, ಬೇಕಾದರೆ ಕಳಿಸುತ್ತೇನೆ.

ಸಾಲು ಬಾಯಿಗೆ ಬಾರದ ದಿನ ಬಲವಂತದಿಂದ ಹೇಳಬೇಡ. ಸಭೆಯ ಉಳಿದವರು ನಿನ್ನನ್ನೂ ಸೇರಿಸಿಕೊಂಡೇ ಹೇಳುತ್ತಿರುತ್ತಾರೆ. ಒಂದು ವಿಷಯ ಮಾತ್ರ ನೆನಪಿಟ್ಟುಕೊಂಡು ಮುಂದಿನ ಭಾನುವಾರ ಹೇಳು: ನಿನಗೆ ಒಂದನೇ ತಾರೀಖಿಗೆ ಸಂಬಳ ಬರುತ್ತದಲ್ಲ, ನಿನ್ನ ಮನೆಯ ಪಾತ್ರೆ ತೊಳೆಯಲು ಬರುವಾಕೆಗೆ ನೀನು ಎಷ್ಟನೇ ತಾರೀಖಿಗೆ ಕೊಡುತ್ತೀಯ?

ನಿನ್ನ ಅಪ್ಪ