ಸೇವೆಯ ಜೊತೆ ಕಸುಬೂ ಸಿಗಲಿ

ಮಾನ್ಯರೇ,

ಮಧುಗಿರಿ, ಪಾವಗಡ ಕಡೆಯ ಹಳ್ಳಿಗಳಲ್ಲಿ ಸುಣ್ಣಬಣ್ಣ ಕಾಣದೆ, ಮಳೆಗೆ ಸೋರುತ್ತಾ ನಿಂತಿರುವ ಸಮುದಾಯ ಭವನಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೇ ಊರುಗಳ ಯುವಕರು ಪಿಯುಸಿ ಮುಗಿಸಿ, ಕೈಯಲ್ಲೊಂದು ಕಸುಬಿಲ್ಲದೆ ಬೆಂಗಳೂರಿನ ಬಸ್ ಹತ್ತುತ್ತಿದ್ದಾರೆ.

ರಾಷ್ಟ್ರೀಯ ಸೇವಾ ಯೋಜನೆಯ ಕಾಲೇಜು ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಜೊತೆಗೆ 7 ದಿನಗಳ ವಿಶೇಷ ಶಿಬಿರವೂ ಇದೆ. ಕಸ ಗುಡಿಸುವುದು, ಜಾಥಾ ನಡೆಸುವುದು ಬೇಡವೆನ್ನುವುದಿಲ್ಲ. ಆದರೆ ಊರಿನ ಅನುಭವಿ ಗಾರೆ ಮೇಸ್ತ್ರಿಯ ಕೈಕೆಳಗೆ ಇಂಥದೊಂದು ಭವನವನ್ನು ಅವರಿಗೆ ಒಪ್ಪಿಸಬಾರದೇಕೆ? ಉದುರುವ ಗಿಲಾವನ್ನು ಕೆತ್ತಿ ತೆಗೆದು, ಗೋಡೆಗೆ ನೀರು ಕುಡಿಸಿ, ಕರಣೆ ಹಿಡಿದು ಹೊಸ ಗಿಲಾವು ಬಳಿಯಲಿ. ರಸಮಟ್ಟ ಇಟ್ಟು ನೋಡಿ, ಡೊಂಕಿದ್ದರೆ ಕೆರೆದು ಮತ್ತೆ ಮಾಡಲಿ. ಆಮೇಲೆ ವಾರವಿಡೀ ನೀರುಣಿಸುವ ತಾಳ್ಮೆಯೂ ಕಲಿಕೆಯೇ. ಹೆಣ್ಣುಮಕ್ಕಳನ್ನು ಬರೀ ಬಣ್ಣ ಬಳಿಯಲು ನಿಲ್ಲಿಸಕೂಡದು.

ಎತ್ತರದ ಕೆಲಸ, ವಿದ್ಯುತ್ ಕೆಲಸ ನುರಿತವರ ಕೈಯಲ್ಲೇ ಇರಲಿ. ಮೇಸ್ತ್ರಿಗೆ ಪೂರ್ತಿ ಕೂಲಿ ಸಲ್ಲಬೇಕು. ಸೇವೆಯ ಹೆಸರಿನಲ್ಲಿ ಕೂಲಿಕಾರರ ಅನ್ನ ಕಸಿಯುವುದು ಸಲ್ಲದು. ಸಮೀಪದ ಐಟಿಐ ಬೋಧಕರು ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವಂತೆ ಜಿಲ್ಲಾ ಪಂಚಾಯಿತಿ ಮುಂದಿನ ಶಿಬಿರಗಳೊಳಗೆ ವ್ಯವಸ್ಥೆ ಮಾಡಲಿ.

– ನಿವೃತ್ತ ಶಿಕ್ಷಕ, ಮಧುಗಿರಿ