ಬಟನ್ ಎಣಿಸಿ ಬಹುಮಾನ ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಮ್ಮ ಜಿಲ್ಲೆಯ ಒಂದು ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿದ್ದೆ. ಮೊದಲ ಬಹುಮಾನ ಸಿಕ್ಕಿದ್ದು ಕಿರಾಣಿ ಅಂಗಡಿಯ ಆ್ಯಪ್‌ಗೆ. ಅದರಲ್ಲಿ ಬಿಲ್ ಇತ್ತು, ಉದ್ರಿ ಲೆಕ್ಕ ಇತ್ತು, ಹವಾಮಾನವೂ ಇತ್ತು! ಅಂಗಡಿಯವರು ಹೊರಗೆ ಬಂದು ಮುಗಿಲು ನೋಡಿದರೆ ಆಗದೇ? ತೀರ್ಪುಗಾರರು ಮಾತ್ರ 'ಇನ್ನೇನು ಸೇರಿಸಬಹುದು' ಎಂದೇ ಕೇಳುತ್ತಿದ್ದರು.

ಈ ಹಾದಿಯಲ್ಲಿ ನಾನೂ ಕೆಟ್ಟಿದ್ದೇನೆ. ಸೀರೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಶುರುವಿನಲ್ಲಿ ಮೂರೇ ಸ್ಕ್ರೀನ್: ಮಾಲು, ಗಿರಾಕಿ, ಬಿಲ್. ಒಬ್ಬ ಸಾವ್ಕಾರರು ಉದ್ರಿ ಕೇಳಿದರು, ಇನ್ನೊಬ್ಬರು ನೇಕಾರರ ಮಜೂರಿ ಕೇಳಿದರು. ಯಾರಿಗೂ ಇಲ್ಲ ಅನ್ನಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಸೀರೆಗೆ ಶೇ 5. ರಾಜ್ಯದೊಳಗೆ ಮಾರಿದರೆ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಒಡೆಯಬೇಕು. ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಕಳಿಸಿದರೆ ಒಡೆಯದೆ ಪೂರ್ತಿ ಐಜಿಎಸ್‌ಟಿ, ಅಂದರೆ ಹೊರರಾಜ್ಯದ ಮಾರಾಟಕ್ಕೆ ಹಾಕುವ ತೆರಿಗೆ. ಈ ಲೆಕ್ಕವನ್ನು ಬಿಲ್ಲಿನಲ್ಲಿ ಬರೆದೆ, ಆರ್ಡರಿನಲ್ಲಿ ಬರೆದೆ, ಉದ್ರಿಯಲ್ಲೂ ಬರೆದೆ. ಎಲ್ಲ ಕಡೆ ಹಾಸುಹೊಕ್ಕಾಯಿತು. ವಾಪಸ್ ಮಾಲಿನ ಸ್ಕ್ರೀನಿನಲ್ಲಿ ಮಾತ್ರ ಐಜಿಎಸ್‌ಟಿ ಮರೆತೆ. ಸೊಲ್ಲಾಪುರದಿಂದ ಮರಳಿದ ಸೀರೆಗಳಿಗೆಲ್ಲ ತೆರಿಗೆ ಒಡೆದೇ ಬರುತ್ತಿತ್ತು. ಹಿಡಿದದ್ದು ಅಂಗಡಿಯ ಗುಮಾಸ್ತರು, ನಾನಲ್ಲ.

ಸರಿಯಾದ ದಾರಿ ನಮ್ಮ ಮನೆಯ ಮಗ್ಗದ ಮೇಲೆಯೇ ಇತ್ತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿಯೇ ಹತ್ತಿಯ ಒಡಲಿಗೂ ರೇಷ್ಮೆ ಸೆರಗು ಕೂಡುತ್ತದೆ. ತೆರಿಗೆ ಲೆಕ್ಕವನ್ನು ನಾನೂ ಹೀಗೆ ಬೇರೆ ಇಟ್ಟೆ. ಈಗ ಪ್ರತಿ ಸ್ಕ್ರೀನೂ ಮೊತ್ತ ಎಷ್ಟು, ಯಾವ ರಾಜ್ಯ ಎಂದಷ್ಟೇ ಹೇಳಿ ಅದರಿಂದ ಉತ್ತರ ಪಡೆಯುತ್ತದೆ. ದರ ಬದಲಾದರೆ ನಾನು ಕೈ ಹಾಕುವುದು ಒಂದೇ ಕಡೆ.

ಸುಲಭ ಅಂತಲ್ಲ. ಕೊಂಡಿ ಹಾಕಲು ಹೊತ್ತು ಹಿಡಿಯುತ್ತದೆ. ಹಳೆಯದನ್ನು ಬಿಡಿಸಿ ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳಿಗೆ ಯಾವ ಸಾವ್ಕಾರರೂ ದುಡ್ಡು ಕೊಡಲಿಲ್ಲ, ಯಾಕೆಂದರೆ ಕಣ್ಣಿಗೆ ಹೊಸದೇನೂ ಕಾಣಲಿಲ್ಲ. ಹಾಗಂತ ಸುಮ್ನೆ ಎಲ್ಲ ಕಡೆ ಕೊಂಡಿಯೂ ಬೇಡ. ಎರಡು ಅಂಗಡಿಯ ಬಿಲ್ಲಿಗೆ ಮೈಕ್ರೋಸರ್ವಿಸ್ (ತಾನೇ ಬೇರೆಯಾಗಿ ಓಡುವ ಪುಟ್ಟ ಪ್ರೋಗ್ರಾಂ) ಅಂತ ಹದಿನೈದು ತುಂಡು ಮಾಡಿದ ಹುಡುಗರನ್ನೂ ನೋಡಿದ್ದೇನೆ. ಸೀರೆಗೆ ಕೊಂಡಿ ಇರುವುದು ಒಂದೇ ಕಡೆ, ಅಲ್ವಾ?

ತೀರ್ಪುಗಾರರಲ್ಲಿ ಒಂದು ಕೋರಿಕೆ. ಮುಂದಿನ ಸಲ ವಿದ್ಯಾರ್ಥಿಗಳಿಗೆ 'ತೆರಿಗೆ ದರ ಬದಲಾಯಿತು, ಎಷ್ಟು ಫೈಲ್ ತಿದ್ದಬೇಕು?' ಅಂತ ಕೇಳಿ. ಬಾಯಿಮಾತಿಗೆ ಬಿಡಬೇಡಿ, ಅಲ್ಲೇ ಕೂರಿಸಿ ತಿದ್ದಿಸಿ ನೋಡಿ.

ಒಬ್ಬ ಓದುಗ,
ಇಳಕಲ್, ಬಾಗಲಕೋಟೆ ಜಿಲ್ಲೆ