ಉದ್ರಿ ಲೆಕ್ಕ ಬರೆಸಿದ ಅಣ್ಣನಿಗೆ

ಹೋದ ವರ್ಷ ಬೆಂಗಳೂರಿನಲ್ಲಿ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಸೇರಿದ್ದ ಒಂದು ಭಾನುವಾರ ನಾನು ಎದ್ದು ಕೇಳಿದ್ದು ಇಷ್ಟೇ: "ಅಪ್ಪನ ಕಿರಾಣಿ ಅಂಗಡಿಗೆ ಉದ್ರಿ ಲೆಕ್ಕದ ಸಾಫ್ಟ್‌ವೇರ್ ಬೇಕಿತ್ತು, ರೆಡಿ ಇದ್ರೆ ಕೊಡ್ತೀರಾ?" ಕೆಲವರು ನಕ್ಕರು. "ಎಷ್ಟು ಕೊಡ್ತೀಯಪ್ಪ?" ಅಂದರೊಬ್ಬರು. ಅವರದ್ದೂ ತಪ್ಪಿರಲಿಲ್ಲ ಬಿಡಿ. ಅಡುಗೆ ಕಲಿಸುವವರ ಹತ್ತಿರ ಹೋಗಿ ಎಲೆ ಹಾಕಿ ಅಂದ ಹಾಗಿತ್ತು ನನ್ನ ಮಾತು.

ಹಿಂದಿನ ಸಾಲಿನಿಂದ ನೀವು ಬಂದಿರಿ. "ನಿಮ್ಮಪ್ಪ ಪುಸ್ತಕದಲ್ಲಿ ಏನೇನು ಬರೀತಾರೆ?" ತಾರೀಖು, ಹೆಸರು, ಸಾಮಾನು, ಬಾಕಿ. "ನಾಲ್ಕು ಕಾಲಂ ಆಯ್ತಲ್ಲ, ಅರ್ಧ ಕೆಲಸ ಮುಗೀತು." ಆಮೇಲೆ ಎಲ್ಲ ನನ್ನಿಂದಲೇ ಟೈಪ್ ಮಾಡಿಸಿದಿರಿ, ನೀವು ಕೀಬೋರ್ಡ್ ಮುಟ್ಟಲೇ ಇಲ್ಲ.

0.1ಕ್ಕೆ 0.2 ಕೂಡಿಸಿದರೆ 0.30000000000000004 ಬಂದು ನಾನು ಬೆಪ್ಪಾದೆ. ಕಂಪ್ಯೂಟರ್ ಎಲ್ಲವನ್ನೂ ಸೊನ್ನೆ, ಒಂದು ಅನ್ನೋ ಎರಡೇ ಅಂಕಿಯಲ್ಲಿ ಇಡುತ್ತೆ, 0.1 ಅದಕ್ಕೆ ಸರಿಯಾಗಿ ಕೂರಲ್ಲ, ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕ ಮಾಡಿ ಇಡು ಅಂದಿರಿ. ಲೆಕ್ಕವನ್ನು ಅಲ್ಪವಿರಾಮ ಹಾಕಿ ಸಾಲುಸಾಲಾಗಿ ಇಡುವ ಸಿಎಸ್‌ವಿ ಫೈಲ್ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಹೆಸರುಗಳೆಲ್ಲ ಚಿತ್ರವಿಚಿತ್ರ ಗುರುತುಗಳಾಗಿದ್ದವು. ಅಕ್ಷರಗಳನ್ನು ಫೈಲ್‌ನಲ್ಲಿ ಯಾವ ರೀತಿ ಇಡಬೇಕು ಅಂತ ಹೇಳುವ ಎನ್‌ಕೋಡಿಂಗ್ ಇರುವ ಕಡೆ 'ಯುಟಿಎಫ್-8-ಸಿಗ್' ಅಂತ ಬರೆಸಿದಿರಿ. ಗೌರಮ್ಮ ಮತ್ತೆ ಗೌರಮ್ಮ ಆದರು.

ಒಟ್ಟು ಮೂವತ್ತೆಂಟು ಸಾಲು. ನಾನು ಬರೆದದ್ದು!

ಅಪ್ಪ ಇನ್ನೂ ಕೆಂಪು ರಟ್ಟಿನ ಪುಸ್ತಕ ಬಿಟ್ಟಿಲ್ಲ. ರಾತ್ರಿ ನನ್ನ ಲೆಕ್ಕಕ್ಕೆ ತಾಳೆ ಹಾಕುತ್ತಾರೆ, ಹೊಂದಿಕೆಯಾದರೆ ಮಾತಾಡುವುದಿಲ್ಲ. ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಧನ್ಯವಾದ ಅಣ್ಣ, ತುಂಬಾ ತಡವಾಗಿ.